ಬಾಣಕ್ಕಂಟಿದ ರಕ್ತ

ತಾಶ್-ಕೊರೊ
ನವೆಂಬರ್ 22, 2019

ಬೀಗಿತ್ತಿ ಜೂರಾ ಅವರಿಗೆ,

ನಿಮ್ಮ ಫೋನು ಬರುತ್ತಲೇ ಇದೆ, ನಾನು ಎತ್ತುತ್ತಿಲ್ಲ. ಹಟದಿಂದಲ್ಲ. ನಿಮ್ಮ ದನಿ ಕಿವಿಗೆ ಬಿದ್ದರೆ ನನ್ನ ಬಾಯಿಂದ ಏನು ಹೊರಡುತ್ತದೋ ಎಂಬ ಹೆದರಿಕೆ. ಆಡಿದ ಮಾತಿಗೆಲ್ಲ ನಾಳೆ ಅಲ್ಲಾಹನ ಮುಂದೆ ಉತ್ತರ ಹೇಳಬೇಕು. ಕಾಗದದಲ್ಲಾದರೆ ಕೆಟ್ಟ ಮಾತನ್ನು ಹೊಡೆದುಹಾಕಿ ಬೇರೆ ಬರೆಯಬಹುದು. ಹೇಳುವುದೇನಾದರೂ ಇದ್ದರೆ ಬರೆದು ವ್ಯಾನಿನ ತಲಾಯ್ ಕೈಯಲ್ಲಿ ಕಳಿಸಿ. ಎರಡೂ ಊರಿಗೆ ಓಡಾಡುವವನು, ಬಾಯಿ ಬಿಗಿಯಿರುವ ಮನುಷ್ಯ.

ಮಣ್ಣಿನ ದಿನ ನೀವು ಬಂದಿದ್ದು ನನಗೆ ಗೊತ್ತಾಯಿತು. ನಮ್ಮ ಗಂಡಸರು ನಿಮ್ಮನ್ನು ಗೇಟಿನಲ್ಲೇ ತಡೆದರು. ನಾನು ಗೋಡೆಗೆ ಮುಖ ಮಾಡಿ ಹೆಣದ ಪಕ್ಕದಲ್ಲಿ ಕೂತಿದ್ದೆ. ಹೊರಗಿನಿಂದ ನಿಮ್ಮ ಅಳು ಕೇಳಿತು. ಒಳಗೆ ಬಿಡಿ ಎನ್ನಲು ನಾಲಿಗೆ ಏಳಲಿಲ್ಲ. ಬಿಡಬೇಡಿ ಎನ್ನಲೂ ಏಳಲಿಲ್ಲ.

ಊರು ನೂರು ಬಗೆಯಲ್ಲಿ ಆಡಿಕೊಳ್ಳುತ್ತಿದೆ. ನನಗೆ ಗೊತ್ತಿರುವುದನ್ನು ಒಂದು ಸಲ ಬರೆಯುತ್ತೇನೆ, ನೀವು ಓದಿ.

ನನ್ನ ಎಸೆನ್ ಕುರಿ ಮೇಯಿಸಲು ಹೋದಾಗ ತೋಳ ತಿಂದುಬಿಟ್ಟ ಒಂದು ಅರ್ಕಾರ್ ಸಿಕ್ಕಿತು. ಮಾಂಸವೆಲ್ಲ ಹೋಗಿತ್ತು, ಕಾಡುಟಗರಿನ ಆ ದೊಡ್ಡ ಸುರುಳಿಕೊಂಬು ಮಾತ್ರ ತಲೆಯೊಂದಿಗೆ ಉಳಿದಿತ್ತು. ಅರ್ಕಾರ್ ಕೊಂಬನ್ನು ನೆಲದ ಮೇಲೆ ಬಿಟ್ಟು ಬರಬಾರದಲ್ಲ, ಮನೆಗೆ ಹೊತ್ತು ತಂದ. ಮಾರನೆಯ ದಿನ ಚಹಾ ಕುಡಿಯುತ್ತ ಹೇಳಿದ, “ಅಮ್ಮಾ, ಇದನ್ನ ಮೇಲಿನ ಸಂತನ ಗೋರಿಗೆ ಇಟ್ಟು ಬರ್ತೀನಿ. ಅಕ್ಕನ ಹೆರಿಗೆ ಸುಸೂತ್ರ ಆಗ್ಲಿ ಅಂತ ಹರಕೆ.”

ನನಗೆ ಇಂಥವು ಹಿಡಿಸುವುದಿಲ್ಲ, ನಿಮಗೆ ಗೊತ್ತು. “ಗೋರಿ ಹತ್ರ ಯಾಕೋ ಕೇಳ್ತೀಯ? ಅಲ್ಲಾಹನ ಹತ್ರ ಕೇಳು” ಎಂದು ಬೈದೆ.

“ಅಲ್ಲಾಹನ ಹತ್ರ ಐದು ಹೊತ್ತೂ ನೀನು ಕೇಳ್ತಾನೇ ಇದ್ದೀಯಲ್ಲ. ನಾನು ಕೊಂಬು ಹೊರ್ತೀನಿ. ಇಬ್ರೂ ಕೆಲಸ ಹಂಚ್ಕೊಂಡ ಹಾಗಾಯ್ತು” ಎಂದು ನಕ್ಕ.

ಹಗ್ಗ ಹಾಕಿ ಬೆನ್ನಿಗೆ ಕಟ್ಟಿಕೊಂಡ. ಕೊಂಬು ಅವನ ತಲೆಯ ಮೇಲೆ ಎರಡು ಕಡೆಯೂ ಸುತ್ತಿಕೊಂಡಿತ್ತು. ಹಾಗೆ ಹೋದ. ನಾನು ರಾತ್ರಿಯ ನಮಾಜು ಮುಗಿಸಿ ಎದ್ದಾಗ ಅಂಗಳದಲ್ಲಿ ಕುದುರೆ ಬಂತು. ಅದರ ಬೆನ್ನ ಮೇಲೆ ನನ್ನ ಮಗನ ಹೆಣ ಅಡ್ಡ ಹಾಕಿ ತಂದವನು ನಿಮ್ಮ ಕುಬಾತ್. ನನ್ನ ಅಳಿಯ. ಇಳಿದವನೇ ನೆಲಕ್ಕೆ ಬಿದ್ದು ಹಣೆ ಚಚ್ಚಿಕೊಂಡ. “ಅತ್ತೇ, ಅರ್ಕಾರ್ ಅಂದ್ಕೊಂಡೆ, ಕೊಂಬು ಕಾಣ್ತು” ಎಂದ. 

ಆಗ ಮೂಡಣ ಗುಡ್ಡದ ಮೇಲೆ ಆಕಾಶದಲ್ಲಿ ಮೂರು ಅರ್ಕಾರ್ ಚುಕ್ಕೆಗಳು ಹತ್ತಿದ್ದವು, ಸಾಲಾಗಿ, ಒಂದರ ಹಿಂದೆ ಒಂದು. ಪಕ್ಕದಲ್ಲಿ ಆ ಕೆಂಪು ನಕ್ಷತ್ರ. ಶಾಲೆಯಲ್ಲಿ ನಾವಿಬ್ಬರೂ ಕೇಳಿದ ಕಥೆಯೇ. ಬೇಟೆಗಾರ ಮೂರು ಅರ್ಕಾರನ್ನು ಆಕಾಶದ ತನಕ ಅಟ್ಟಿದ, ಅವನ ಬಾಣ ಒಂದರ ಮೈ ತೂರಿ ಆಚೆ ಹೋಗಿ ನಿಂತಿತು, ಅದಕ್ಕಂಟಿದ ರಕ್ತ ಇವತ್ತಿಗೂ ಆರಿಲ್ಲ. ಚಿಕ್ಕಂದಿನಲ್ಲಿ ಅರ್ಕಾರುಗಳಿಗಾಗಿ ಮರುಗುತ್ತಿದ್ದೆ. ಅವತ್ತು ಆ ಬಾಣವನ್ನು ನೋಡಿದೆ, ಮಗನ ಎದೆಯನ್ನು ನೋಡಿದೆ.

ಮಗಳು ಜಿಪಾರ್ ನಿಮ್ಮ ಮನೆಯಲ್ಲೇ ಇರಲಿ. ಬಸುರಿಯನ್ನು ಈ ಮನೆಗೆ ಈಗ ಕರೆತರಬಾರದು. ಅವಳು ಊಟ ಬಿಡದ ಹಾಗೆ ನೋಡಿಕೊಳ್ಳಿ.

ಬುರುಲ್


ಬೆಶ್-ತೆರೆಕ್
ಡಿಸೆಂಬರ್ 8, 2019

ಬುರುಲ್,

ಒಂದೇ ಬೆಂಚಿನಲ್ಲಿ ಕೂತು ಒಂದೇ ಪೆನ್ಸಿಲನ್ನು ಮುರಿದು ಹಂಚಿಕೊಂಡವಳು ನೀನು. ನನಗೆ ‘ನೀವು’ ಎಂದು ಬರೆದಿದ್ದೀಯ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಇರಲಿ. ನಾನು ನೀನು ಎಂದೇ ಬರೆಯುತ್ತೇನೆ. ಬೇಡವಾದರೆ ಒಲೆಗೆ ಹಾಕು.

ಕುಬಾತ್ ಯಾಕೆ ಗುಡ್ಡಕ್ಕೆ ಹೋದ ಎಂದು ನೀನು ಕೇಳಿಲ್ಲ. ನಾನೇ ಹೇಳಬೇಕು. ಒಂದು ದಿನ ಜಿಪಾರ್ ಮೂಗು ಮುಚ್ಚಿಕೊಂಡು ಬಟ್ಟಲು ತಳ್ಳಿದಳು. “ಅತ್ತೇ, ಕುರಿ ಸಾರು ವಾಸನೆ ಬರ್ತಿದೆ. ಅರ್ಕಾರ್ ಸಾರಾದ್ರೆ ಒಂದು ಗುಟುಕು ಕುಡೀತಿದ್ನೇನೋ.” ನಾನು, “ಹೌದಮ್ಮಾ ಮಹಾರಾಣಿ, ಹುಲಿ ಹಾಲೂ ತರಿಸ್ಲಾ?” ಎಂದೆ. ಇಬ್ಬರೂ ನಕ್ಕೆವು. ಕುಬಾತ್ ನಗಲಿಲ್ಲ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿಗೆ ಒಳ್ಳೆಯದಲ್ಲ ಎಂದು ಅವನ ಅಪ್ಪ ಹೇಳುತ್ತಿದ್ದದ್ದು ಅವನ ತಲೆಯಲ್ಲಿತ್ತು. ರಜಾಯಿಗಳ ಅಟ್ಟಿಯ ಹಿಂದೆ ಅಪ್ಪನ ಹಳೇ ಬಂದೂಕು ಇತ್ತು. ಲೈಸೆನ್ಸ್ ಇಲ್ಲದ್ದು. ನಮಗೆ ಹೇಳದೆ ತೆಗೆದುಕೊಂಡು ಹೋದ.

ನಿನ್ನ ಮಗ ಜಿಪಾರ್‌ಗಾಗಿ ಹತ್ತಿದ. ನನ್ನ ಮಗನೂ ಜಿಪಾರ್‌ಗಾಗಿ ಹತ್ತಿದ. ಮುಸ್ಸಂಜೆ ಬಂಡೆಯ ಮೇಲೆ ಕೊಂಬು ಅಲುಗಾಡಿತಂತೆ. ಕೆಳಗೆ ಮನುಷ್ಯ ಇರಬಹುದೆಂದು ಯಾರಿಗೆ ಹೊಳೆಯುತ್ತದೆ ಹೇಳು. ಈ ಹುಡುಗಿ ಇದನ್ನೆಲ್ಲ ಹೊಟ್ಟೆಯೊಳಗೆ ಕೂಸಿನ ಜೊತೆಗೇ ಇಟ್ಟುಕೊಂಡಿದ್ದಾಳೆ. ಶಾಲೆಗೆ ಹೋಗುತ್ತಾಳೆ, ಪಾಠ ಮಾಡುತ್ತಾಳೆ, ಬಂದು ಮಲಗುತ್ತಾಳೆ. ಅಳುವುದಿಲ್ಲ. ಅತ್ತರೆ ನನಗೆ ಧೈರ್ಯವಾಗುತ್ತಿತ್ತು.

ಈಗ ನನ್ನ ಕೋರಿಕೆ. ನಮ್ಮ ವಕೀಲ ಹೇಳುವುದು, ಸತ್ತವನ ಅಪ್ಪ ಅಮ್ಮ ಕೋರ್ಟಿನಲ್ಲಿ ‘ನಮಗೆ ದೂರಿಲ್ಲ’ ಎಂದರೆ ಜಡ್ಜ್ ಲಾಕಪ್ಪಿನಲ್ಲಿರುವ ಕುಬಾತನನ್ನು ಮನೆಗೆ ಕಳಿಸಬಹುದಂತೆ. ನಾನು ಇದನ್ನು ಕೇಳುವ ಮುಖ ಇಲ್ಲದವಳು. ಆದರೂ ಕೇಳುತ್ತಿದ್ದೇನೆ, ಹೆತ್ತವಳು.

ಇನ್ನೊಂದು. ನಿನಗೆ ಇಂಥವು ಹಿಡಿಸುವುದಿಲ್ಲ, ಆದರೂ ಬರೆಯುತ್ತೇನೆ. ಸಂಜೆ ಹಸು ಕಟ್ಟಿ ಬಂದ ಮೇಲೆ ಒಮ್ಮೆ ಆಚೆ ನಿಂತು ನೋಡು. ಬಾಣದ ಕೆಂಪು ಮಾಸುತ್ತಿದೆ. ನನ್ನ ಕಣ್ಣು ಸುಳ್ಳು ಹೇಳುತ್ತಿಲ್ಲ, ಆಕಾಶ ನೋಡಿ ಹೇಳುವ ನಮ್ಮ ಶಮೆನ್ ಅಜ್ಜನೂ ಹೌದು ಎಂದ. ನಮ್ಮಮ್ಮನ ಕಾಲದಲ್ಲೂ ಯಾರೂ ಇದನ್ನು ಕಂಡಿಲ್ಲವಂತೆ. ಆ ರಕ್ತವೇ ತೊಳೆದುಹೋಗುತ್ತದಾದರೆ ನಮ್ಮದು ತೊಳೆದುಹೋಗಬಾರದೇನು?

ನಿನ್ನ ಜೂರಾ


ತಾಶ್-ಕೊರೊ
ಡಿಸೆಂಬರ್ 19, 2019

ಜೂರಾ ಅವರಿಗೆ,

ಮೊನ್ನೆ ನಲವತ್ತನೆಯ ದಿನ ಮುಗಿಸಿದೆವು. ಕುದುರೆ ಕೊಯ್ದು ಊರಿಗೆ ಉಣ್ಣಿಸಿದೆವು. ಸತ್ತವನಿಗೆ ವಾಸನೆ ಮುಟ್ಟಲಿ ಎಂದು ಎಣ್ಣೆಯಲ್ಲಿ ರೊಟ್ಟಿ ಕರಿದೆ. ಕುರಾನ್ ಓದಿಸಿದೆವು.

ಊಟವಾದ ಮೇಲೆ ನಿಮ್ಮ ಶಮೆನ್ ಅಜ್ಜ ಎದ್ದು ನಿಂತ. ಚಂದ್ರನನ್ನು ನೋಡಿ ಕುರಿ ಯಾವಾಗ ಮೇಲಕ್ಕೆ ಹೊಡೆಯಬೇಕು, ಯಾವಾಗ ಇಳಿಸಬೇಕು ಎಂದು ಹೇಳುವವನು, ಅವನ ಮಾತಿಗೆ ಎರಡು ಊರಿನಲ್ಲೂ ಬೆಲೆಯುಂಟು. ನನ್ನನ್ನು ಅಂಗಳಕ್ಕೆ ಕರೆಸಿ ಕೋಲು ಮೇಲೆತ್ತಿದ.

“ಬುರುಲ್, ಮಗಳೇ, ಅಲ್ನೋಡು. ಬಾಣದಲ್ಲಿ ರಕ್ತ ಇಲ್ಲ. ಮೇಲಿನವನೇ ಒರೆಸ್ಬಿಟ್ಟಿದ್ದಾನೆ. ಇಂಥಾ ಚಳಿಗಾಲದಲ್ಲಿ ಯಾರ ಮೇಲೂ ರಕ್ತದ ದೂರು ಇಟ್ಕೋಬಾರ್ದಮ್ಮ.”

ನಮ್ಮ ಮುಲ್ಲಾ ಸುಮ್ಮನಿರುತ್ತಾರೆಯೇ. “ಅಜ್ಜಾ, ಹೋದ ಬೇಸಿಗೇಲಿ ಮಳೆ ಬರಲ್ಲ ಅಂತ ಇದೇ ಕೋಲು ಎತ್ತಿದ್ರಿ. ನಮ್ಮ ಹುಲ್ಲೆಲ್ಲ ಕೊಳೆತುಹೋಯ್ತು.”

“ಅದು ಚಂದ್ರನ ತಪ್ಪು, ನಂದಲ್ಲ” ಎಂದ ಅಜ್ಜ.

ನಗಬಾರದ ದಿನ ಎಲ್ಲರೂ ನಕ್ಕರು. ಮುಲ್ಲಾ ಮಾತ್ರ ನಗದೆ ನನ್ನ ಕಡೆ ತಿರುಗಿದರು. “ಅಕ್ಕಾ, ನಕ್ಷತ್ರ ನಮ್ಮ ಹಾಗೇ ಒಂದು ಸೃಷ್ಟಿ. ಅದು ಕ್ಷಮಿಸಲ್ಲ, ಶಿಕ್ಷೆನೂ ಕೊಡಲ್ಲ. ಕ್ಷಮಿಸೋದು ಬಿಡೋದು ನಿಮ್ಮ ಕೈಲಿದೆ. ಕ್ಷಮಿಸಿದ್ರೆ ಒಳ್ಳೇದು ಅಂತ ಕಿತಾಬು ಹೇಳ್ತದೆ. ಕ್ಷಮಿಸ್ಲೇಬೇಕು ಅನ್ನಲ್ಲ.”

ಇದು ಸರಿಯಾದ ಮಾತು, ನಾನೂ ಇದನ್ನೇ ನಂಬಿದವಳು. ಆದರೆ ಜೂರಾ ಅವರೇ, ನಿಮ್ಮ ಕಾಗದ ಬಂದ ಸಂಜೆಯಿಂದ ನಾನು ನಮಾಜಿಗೆ ಮುಂಚಿನ ವಜೂಗೆ ನೀರು ತರುವ ನೆಪದಲ್ಲಿ ದಿನಾ ಆಚೆ ಹೋಗಿ ನಿಲ್ಲುತ್ತಿದ್ದೇನೆ. ನೀವು ಹೇಳಿದ್ದು ನಿಜ. ಮಾಸುತ್ತಿದೆ. ಪಕ್ಕದ ಬಿಳಿ ಚುಕ್ಕೆಗಳ ನಡುವೆ ಯಾವುದು ಅದು ಎಂದು ಹುಡುಕಬೇಕಾಗಿದೆ. ನಿಮಗೆ ಅದು ಸಮಾಧಾನ. ನನಗೆ ಎದೆ ಒಡೆಯುತ್ತದೆ. ಅಳಿಸಬೇಡವೋ, ಅಳಿಸಬೇಡ ಎಂದು ಅನ್ನುತ್ತೇನೆ. ಆಮೇಲೆ ತಪ್ಪಾಯಿತೆಂದು ತೌಬಾ ಮಾಡುತ್ತೇನೆ.

ದೂರು ಬಿಡುವ ಮಾತನ್ನು ನಮ್ಮವರ ಹತ್ತಿರ ಎತ್ತಿದ್ದೆ. “ಅಳಿಯ ಬೇಕೂಂತ ಮಾಡಿದ್ದಲ್ಲ. ಮಗಳ ಮುಖ ನೋಡಿ ಬಿಟ್ಬಿಡಣ” ಎಂದರು. ನಾನೂ ಹೂಂ ಎಂದಿದ್ದೆ. ಇದು ಆಗಿದ್ದು ನಲವತ್ತನೆಯ ದಿನಕ್ಕೆ ಮೊದಲು.

ನಿನ್ನೆ ನನ್ನ ಮೈದುನ ಜಿಲ್ಲೆಯಿಂದ ಬಂದ. ನಿಮ್ಮ ಕುಬಾತ್ ಪೊಲೀಸರ ಮುಂದೆ ಏನು ಹೇಳಿದ್ದಾನೆಂದು ತಿಳಿದು ಬಂದ. ಬೇಟೆಗೆ ಕರೆದವನು ಎಸೆನ್ ಅಂತೆ. ಬಂದೂಕು ಎಸೆನ್‌ದಂತೆ. ಹಿಂಡನ್ನು ಹತ್ತಿರ ಸೆಳೆಯಲು ಕೊಂಬು ಹೊತ್ತು ಮೇಲಿನಿಂದ ಬಂದನಂತೆ. ಅರ್ಕಾರ್ ಹೊಡೆದರೆ ಜೈಲು ಎಂದು ಮಕ್ಕಳಿಗೂ ಗೊತ್ತು. ಆ ಕಳ್ಳಬೇಟೆಯನ್ನು ಸತ್ತವನ ತಲೆಗೆ ಕಟ್ಟಿದ್ದಾನೆ.

ರಜಾಯಿಯ ಹಿಂದಿನ ಬಂದೂಕಿನ ಮಾತು ನಿಮ್ಮ ಕೈಬರಹದಲ್ಲೇ ನನ್ನ ಹತ್ತಿರ ಇದೆ. ಅದನ್ನು ಯಾರಿಗೂ ತೋರಿಸುವುದಿಲ್ಲ. ನಂಬಿಕೆಯಿಂದ ಬರೆದದ್ದನ್ನು ಕೋರ್ಟಿನ ಮುಂದೆ ಹಿಡಿಯುವುದು ನಮ್ಮ ಮನೆತನದಲ್ಲಿಲ್ಲ. ಅವನ ಬಾಯಿಂದಲೇ ಬರಬೇಕು.

ಊರಿನಲ್ಲಿ ಈಗಾಗಲೇ ಶುರುವಾಗಿದೆ. ಕಾಡುಮೃಗ ಕಾಯುವ ಕೈಬೆರೆನ್ ತಾಯಿ ಎಸೆನನಿಗೆ ಶಾಪ ಕೊಟ್ಟಳಂತೆ, ಅರ್ಕಾರ್ ಕೊಂದವನು ಅರ್ಕಾರ್ ಆಗಿಯೇ ಸತ್ತನಂತೆ. ಬಾವಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಾರೆ.

ರಕ್ತ ಬಿಡಬಲ್ಲೆ. ಹೆಸರು ಬಿಡಲಾರೆ. ಕುಬಾತ್ ಕಂಡದ್ದನ್ನು ಕಂಡ ಹಾಗೆ ಹೇಳಲಿ, ಅದೇ ದಿನ ಬಂದು ದೂರಿಲ್ಲ ಎನ್ನುತ್ತೇನೆ.

ಬುರುಲ್


ಬೆಶ್-ತೆರೆಕ್
ಜನವರಿ 9, 2020

ಬುರುಲ್,

ಹಿಮ ಬಿದ್ದು ದಾರಿ ಮುಚ್ಚಿತ್ತು, ತಲಾಯ್ ಬರಲಿಲ್ಲ. ಬಂದಿದ್ದರೂ ಇಷ್ಟು ಬೇಗ ಬರೆಯುತ್ತಿರಲಿಲ್ಲ. ನಿನ್ನ ಕಾಗದ ಓದಿ ಸಿಟ್ಟು ಬಂತು, ಆಮೇಲೆ ನಾಚಿಕೆ ಬಂತು, ಮತ್ತೆ ಸಿಟ್ಟು ಬಂತು. ಸಿಟ್ಟಿನಲ್ಲೇ ಬರೆಯುತ್ತೇನೆ.

ಹೌದು, ಸುಳ್ಳು. ವಕೀಲ ಹೇಳಿಕೊಟ್ಟ ಸುಳ್ಳು. “ಸತ್ತವನಿಗೆ ಜೈಲಿಲ್ಲಮ್ಮಾ. ಅವನು ಕರೆದ, ಇವನು ಹೋದ, ಕೈತಪ್ಪಿ ಆಯ್ತು. ಹಿಂಗಂದ್ರೆ ಹುಡುಗ ಬಚಾವು. ಇವನೊಬ್ಬನೇ ಅರ್ಕಾರ್ ಹೊಡೆಯಕ್ಕೆ ಹೋದ, ಲೈಸೆನ್ಸ್ ಇಲ್ದಿರೋ ಬಂದೂಕು, ಮೇಲಿಂದ ಒಂದು ಜೀವ. ಹಂಗಂದ್ರೆ ಕೂಸು ಶಾಲೆಗೆ ಹೋಗೋ ತನಕ ಅಪ್ಪನ ಮುಖ ನೋಡಲ್ಲ.” ಅಲ್ಲಿ ಕುಬಾತ್ ಕೂತಿದ್ದ. ಬೇಡ ಎಂದು ತಲೆ ಆಡಿಸಿದ. ನಾನು ಅವನ ಮೊಣಕಾಲು ಹಿಡಿದುಕೊಂಡೆ. ನಿನಗೆ ಯಾರ ಮೇಲಾದರೂ ಸಿಟ್ಟಾಗಬೇಕಿದ್ದರೆ ನನ್ನ ಮೇಲೆ ಆಗು.

ಎಸೆನ್ ಏನೆಂದು ಅಲ್ಲಾಹನಿಗೆ ಗೊತ್ತು. ಆ ಮಗು ಈಗ ಜಿಲ್ಲೆಯ ಕಾಗದಗಳ ಗೊಡವೆ ಇಲ್ಲದ ಜಾಗದಲ್ಲಿದ್ದಾನೆ. ನೀನೇ ಅಲ್ಲವೇ ಇದನ್ನೆಲ್ಲ ನನಗೆ ಬೋಧಿಸುತ್ತಿದ್ದವಳು, ಜನರ ಬಾಯಿ ಗಾಳಿ, ಕೊನೆಯ ತೀರ್ಪಿನ ದಿನದ ತಕ್ಕಡಿ ಒಂದೇ ನಿಜ ಎಂದು? ಈಗ ಬಾವಿಕಟ್ಟೆಯ ಹೆಂಗಸರ ಮಾತು ನಿನಗೆ ಅಷ್ಟು ದೊಡ್ಡದಾಯಿತೇ? ಆ ಮಾತಿಗಾಗಿ ನಿನ್ನ ಮಗಳನ್ನು ಗಂಡ ಇದ್ದೂ ವಿಧವೆ ಮಾಡುತ್ತೀಯಾ?

ಸತ್ತವನಿಗೆ ಹೆಸರು ಬೇಕು ಎನ್ನುತ್ತೀಯ. ಬದುಕಿರುವವನಿಗೆ ಬದುಕು ಬೇಕು ಬುರುಲ್.

ಅವಳಿಗೆ ದಿನ ಹತ್ತಿರ ಬಂದಿದೆ. ಕಾಲು ಊದಿದೆ. ಬರಬೇಕೆನಿಸಿದರೆ ಬಾ.

ಜೂರಾ


ಬೆಶ್-ತೆರೆಕ್
ಜನವರಿ 30, 2020

ಅಮ್ಮಾ,

ಗಂಡು ಮಗು. ಇಬ್ಬರೂ ಚೆನ್ನಾಗಿದ್ದೇವೆ. ನೀನು ಬರಲಿಲ್ಲ. ನಿನ್ನನ್ನು ದೂರುತ್ತಿಲ್ಲ, ಬಂದಿಲ್ಲವೆಂದಷ್ಟೇ ಬರೆಯುತ್ತಿದ್ದೇನೆ. ಹೆರಿಗೆಯಲ್ಲಿ ನಾನು ಕೂಗಲಿಲ್ಲ. ನರ್ಸಮ್ಮ, “ಏನೇ, ಕಲ್ಲಾ ನೀನು? ಕೂಗು, ಯಾರೂ ಏನೂ ಅನ್ಕೊಳ್ಳಲ್ಲ” ಎಂದಳು. ಕೂಗಿದರೆ ಎಸೆನನ ಹೆಸರು ಬರುತ್ತಿತ್ತು, ಅದಕ್ಕೆ ಕೂಗಲಿಲ್ಲ.

ನೀವಿಬ್ಬರೂ ನಕ್ಷತ್ರದ ಮೇಲೆ ಜಗಳವಾಡುತ್ತಿದ್ದೀರಿ ಎಂದು ಅತ್ತೆಯಿಂದ ತಿಳಿಯಿತು. ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುವುದನ್ನೇ ನಿನಗೂ ಹೇಳುತ್ತೇನೆ. ಅದು ಬಾಣವಲ್ಲ, ರಕ್ತವೂ ಅಲ್ಲ. ಮುದಿಯಾದ ಒಂದು ದೈತ್ಯ ನಕ್ಷತ್ರ. ನಮ್ಮ ಸೂರ್ಯನಂಥವು ಕೋಟಿಗಟ್ಟಲೆ ಅದರ ಹೊಟ್ಟೆಯಲ್ಲಿ ಹಿಡಿಯುತ್ತವೆ. ಉರಿಯುವುದೆಲ್ಲ ಉರಿದು ಮುಗಿಯುತ್ತ ಬಂದಾಗ ನಕ್ಷತ್ರ ಹೀಗೆ ಊದಿಕೊಂಡು ಕೆಂಪಾಗುತ್ತದೆ. ಒಂದು ದಿನ ಒಡೆದುಹೋಗುತ್ತದೆ. ಈಗ ಯಾಕೆ ಮಂಕಾಗಿದೆಯೆಂದು ದೊಡ್ಡ ದೊಡ್ಡ ದುರ್ಬೀನು ಇಟ್ಟುಕೊಂಡವರಿಗೂ ಗೊತ್ತಾಗಿಲ್ಲ. ಇಷ್ಟು ಮಾತ್ರ ಗೊತ್ತು, ನಾವು ಈಗ ನೋಡುತ್ತಿರುವ ಬೆಳಕು ಅಲ್ಲಿಂದ ಹೊರಟು ನೂರಾರು ವರ್ಷವಾಯಿತು. ಅಂದರೆ ಎಸೆನ್ ಹುಟ್ಟುವ ಮೊದಲು, ನೀನು ಹುಟ್ಟುವ ಮೊದಲು, ಈ ಊರು ಹುಟ್ಟುವ ಮೊದಲೇ ಅದು ಮಂಕಾಗಿತ್ತು. ನಮ್ಮ ವಿಷಯ ಅದಕ್ಕೆ ಗೊತ್ತೇ ಇಲ್ಲ ಅಮ್ಮಾ. ಅದು ಯಾರ ಪರವಾಗಿಯೂ ಇಲ್ಲ.

ಅದರ ಅಪ್ಪನೇ ಬಂದು ಕಿವಿಯಲ್ಲಿ ಬಾಂಗು ಕೂಗಲಿ ಎಂದು ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ‘ಏನೋ’, ‘ಪುಟ್ಟ’ ಎಂದೇ ಕರೆಯುತ್ತೇವೆ.

ಅವರು ಪೊಲೀಸರಿಗೆ ಏನು ಹೇಳಿಕೆ ಕೊಟ್ಟಿದ್ದಾರೆಂದು ನನಗೆ ಯಾರೂ ಹೇಳುತ್ತಿಲ್ಲ. ಅತ್ತೆಯನ್ನು ಕೇಳಿದರೆ ಒಲೆ ಊದಲು ಹೋಗುತ್ತಾರೆ. ನನ್ನ ಬಯಕೆಯ ಒಂದು ಮಾತಿಗೆ ತಮ್ಮ ಹೋದ. ಗಂಡನೂ ಹೋಗುವುದು ಬೇಡ. ನಿನ್ನ ಕೈಲಾದರೆ ದೂರು ಬಿಡು. ಆಗದಿದ್ದರೆ ನಾನು ಮತ್ತೆ ಕೇಳುವುದಿಲ್ಲ.

ಜಿಪಾರ್


ತಾಶ್-ಕೊರೊ
ಫೆಬ್ರವರಿ 16, 2020

ಜೂರಾ,

ಕೋರ್ಟಿನಲ್ಲಿ ನೀನು ಮುಂದಿನ ಬೆಂಚಿನಲ್ಲಿದ್ದೆ, ನಾನು ಬಾಗಿಲ ಹತ್ತಿರ. ನೀನು ತಿರುಗಿ ನೋಡಲಿಲ್ಲ. ಒಳ್ಳೆಯದೇ ಆಯಿತು.

ನಿನ್ನ ಹಿಂದಿನ ಕಾಗದದ ಒಂದು ಮಾತು ನನಗೆ ತಾಗಿತು. ಜನರ ಬಾಯಿಗಾಗಿ ಮಗಳನ್ನು ಕೊಡುತ್ತೀಯಾ ಎಂದಿದ್ದೆ. ಮುಲ್ಲಾ ಹತ್ತಿರ ಹೋಗಿ ಕೂತೆ. “ನಾನು ಷರತ್ತು ಹಾಕಿ ಕ್ಷಮಿಸಬಹುದಾ?” ಎಂದು ಕೇಳಿದೆ.

“ಹಾಕಬಹುದಕ್ಕ. ಆದ್ರೆ ಅದಕ್ಕೆ ಕ್ಷಮೆ ಅನ್ನಲ್ಲ, ವ್ಯಾಪಾರ ಅಂತಾರೆ” ಎಂದರು.

ಆಮೇಲೆ ನಾನು ಇನ್ನೊಂದು ಕೇಳಿದೆ, ಅದಕ್ಕೂ ಉತ್ತರ ಕೊಟ್ಟರು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಹೀಗೆ ನಮ್ಮವರನ್ನು ಕರೆದುಕೊಂಡು ಕೋರ್ಟಿಗೆ ಬಂದೆ. ಜಡ್ಜ್ ಹೆಂಗಸು, ನಮ್ಮ ವಯಸ್ಸಿನವಳೇ. “ನಿಮಗೆ ದೂರಿದೆಯಾ?” ಎಂದಳು. ನಮ್ಮವರು “ಇಲ್ಲ” ಎಂದರು. ನಾನೂ “ಇಲ್ಲ” ಎಂದೆ. ಒಂದೇ ಶಬ್ದ. ಅದನ್ನು ಹೊತ್ತು ನಮ್ಮ ಊರಿಂದ ಅಲ್ಲಿಯ ತನಕ ಬರುವಷ್ಟರಲ್ಲಿ ನನ್ನ ಬೆನ್ನು ಬಾಗಿತ್ತು.

ಷರತ್ತು ಹಾಕದೆ ಬಿಟ್ಟರೆ ಹುಡುಗನಿಗೆ ತಾನಾಗಿಯೇ ನಾಲಿಗೆ ಬರುತ್ತದೆ ಎಂದು ಒಳಗೊಳಗೇ ನನಗೊಂದು ಆಸೆ ಇತ್ತು. ಸುಳ್ಳು ಯಾಕೆ ಹೇಳಲಿ, ಇತ್ತು. ಜಡ್ಜ್ ಕುಬಾತನನ್ನು ಎಬ್ಬಿಸಿ ಕೇಳಿದಳು. ಅವನು ನೆಲ ನೋಡುತ್ತ ಹೇಳಿದ. “ಎಸೆನ್ ಕರೆದ. ಬಂದೂಕು ಅವನದು.” ಹೇಳಿಕೆ ಕೊಡಲು ಮುಂದೆ ಬಂದಿದ್ದ ನಾನು ಇನ್ನೂ ಅವನಿಗೆ ಎದುರಿಗೇ ಇದ್ದೆ. ಆ ಹುಡುಗನಿಗೆ ಮದುವೆಯ ದಿನ ಬಿಳಿ ಟೋಪಿ ತೊಡಿಸಿದವಳು ನಾನು. ಅವತ್ತೂ ಹೀಗೇ ನೆಲ ನೋಡುತ್ತಿದ್ದ, ಅವತ್ತು ನಾಚಿಕೊಂಡು. ಜಡ್ಜ್ ಬರೆದುಕೊಂಡಳು. ಮನೆಗೆ ಹೋಗು ಎಂದಳು. ನೀನು ಕೂಗಿಕೊಂಡು ಅವನನ್ನು ತಬ್ಬಿದೆ. ನನ್ನ ಮಗ ಕಳ್ಳಬೇಟೆಗಾರನಾದ.

ಇನ್ನು ಮುಲ್ಲಾ ಹೇಳಿದ ಆ ಮಾತು. ಇದು ಬೆದರಿಕೆಯಲ್ಲ, ಶಾಪ ಅಂತೂ ಅಲ್ಲವೇ ಅಲ್ಲ, ದೇವರಾಣೆ. ಯಾರ ಹಕ್ಕು ಯಾರ ಹತ್ತಿರ ಉಳಿದಿದೆ ಎಂದು ತಿಳಿಸುತ್ತಿದ್ದೇನೆ ಅಷ್ಟೆ. ರಕ್ತದ ಹಕ್ಕು ನಮ್ಮದು, ಹೆತ್ತವರದು. ನಾವು ಬಿಟ್ಟೆವು, ಇನ್ನು ಇಹದಲ್ಲೂ ಪರದಲ್ಲೂ ಅದನ್ನು ಕೇಳುವುದಿಲ್ಲ. ಆದರೆ ಒಬ್ಬನ ಮೇಲೆ ಹೊರಿಸಿದ ಸುಳ್ಳಿನ ಹಕ್ಕು ಅವನೊಬ್ಬನದೇ. ಅದನ್ನು ಅಮ್ಮನೂ ಬಿಡಲಾರಳು, ಮುಲ್ಲಾನೂ ಬಿಡಲಾರ. ಅಲ್ಲಾಹ್ ಕೂಡ ಮೊದಲು ಅವನನ್ನೇ ಕೇಳು ಎನ್ನುತ್ತಾನಂತೆ. ಹಾಗಾಗಿ ಕುಬಾತನಿಗೆ ಹೇಳು. ಕೊಂದದ್ದಕ್ಕೆ ನನ್ನ ಹತ್ತಿರ ಅವನ ಮೇಲೆ ಏನೂ ಇಲ್ಲ. ಸುಳ್ಳಿಗೆ ಕ್ಷಮೆ ಕೇಳುವುದಾದರೆ ನನ್ನ ಬಾಗಿಲಿಗೆ ಬರುವುದು ಬೇಡ. ಎಸೆನನ ಹತ್ತಿರ ಕೇಳಲಿ.

ಬುರುಲ್


ಬೆಶ್-ತೆರೆಕ್
ಮಾರ್ಚ್ 8, 2020

ಬುರುಲ್,

ನಿನ್ನ ಆ ಕಾಗದವನ್ನು ನಾನು ಕುಬಾತನಿಗೆ ತೋರಿಸಲಿಲ್ಲ. ಓದಿ ಮಡಿಸಿ ಎದೆಯೊಳಗೆ ಇಟ್ಟುಕೊಂಡು ಓಡಾಡಿದೆ. ಕ್ಷಮಿಸಿದಳೋ ಕತ್ತು ಕುಯ್ದಳೋ ಎಂದು ನಿನ್ನನ್ನು ಬೈದುಕೊಂಡೆ.

ಅವನು ಮನೆಗೆ ಬಂದ. ಕುರಿ ಕೊಯ್ದೆ, ನೆರೆಯವರನ್ನು ಕರೆದೆ. ಕೂಸಿನ ಕಿವಿಯಲ್ಲಿ ಬಾಂಗು ಕೂಗು ಎಂದರೆ ಅವನು ಹಿಂದೆ ಸರಿದುಕೊಂಡ. ಶಮೆನ್ ಅಜ್ಜ ಕೂಗಿ ನುರ್ಸಾ ಎಂದು ಹೆಸರಿಟ್ಟ. ಅಲ್ಲಿಂದ ಮುಂದೆ ಕೂಸು ಅತ್ತರೆ ಕುಬಾತ್ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. ಎತ್ತಿಕೋ ಎಂದರೆ ಕೈ ಕೊಳೆ ಎನ್ನುತ್ತಿದ್ದ. ತೊಳೆದು ಬಂದರೂ ಕೊಳೆ.

ಹೋದ ವಾರ ಚಹಾ ಕುಡಿಯುವಾಗ ಜಿಪಾರ್ ಇದ್ದಕ್ಕಿದ್ದಂತೆ ಬಟ್ಟಲು ಕೆಳಗಿಟ್ಟಳು. “ಒಂದು ಕೇಳ್ತೀನಿ, ನನ್ನ ಮುಖ ನೋಡಿ ಹೇಳ್ಬೇಕು. ನಮ್ಮ ಎಸೆನ್ ಬೇಟೆಗೆ ಬಂದಿದ್ನಾ?”

ಅವನು ನನ್ನ ಕಡೆ ನೋಡಿದ. ನಾನು ಸಕ್ಕರೆ ಕಲಕುತ್ತಿದ್ದೆ. ನಮ್ಮಲ್ಲಿ ಉಪ್ಪಿನ ಚಹಾ ಕುಡಿಯುವುದೆಂದು ನಿನಗೆ ಗೊತ್ತಲ್ಲ, ನಾನು ಸಕ್ಕರೆ ಹಾಕಿಕೊಂಡು ಕಲಕುತ್ತಿದ್ದೆ.

“ಹೂಂ” ಎಂದ.

ಅವಳು ಕೂಗಾಡಲಿಲ್ಲ. ಕೂಸನ್ನು ಎತ್ತಿಕೊಂಡಳು, ಅದರ ಬಟ್ಟೆ ಮಡಿಸಿದಳು. “ಹಾಗಾದ್ರೆ ಅವನು ಹರಕೆ ಅಂತ ಅಮ್ಮನಿಗೆ ಸುಳ್ಳು ಹೇಳಿ ಹೋಗಿದ್ದ ಅನ್ನಿ” ಎಂದು ನಕ್ಕಳು. ಆ ನಗು ನೀನು ನೋಡಬಾರದು ಬುರುಲ್. ಅವಳ ಮುಖದಲ್ಲಿ ಎಸೆನ್ ಇನ್ನೊಮ್ಮೆ ಸತ್ತದ್ದನ್ನು ನಾನು ಕಂಡೆ. ಈ ಸಲ ಗುಂಡು ಹೊಡೆದವಳು ನಾನು.

ಎದೆಯಿಂದ ಕಾಗದ ತೆಗೆದು ಓದಿದೆ. ಗಟ್ಟಿಯಾಗಿ, ಇಬ್ಬರಿಗೂ ಕೇಳುವ ಹಾಗೆ. ಸುಳ್ಳಿನ ಹಕ್ಕು ಅವನೊಬ್ಬನದೇ ಎಂಬಲ್ಲಿಗೆ ಬಂದಾಗ ಕುಬಾತ್ ಎದ್ದು, “ಸಾಕಮ್ಮಾ” ಎಂದ. ಬೆಳಿಗ್ಗೆ ಕುದುರೆಗೆ ಜೀನು ಹಾಕಿ ನಿಮ್ಮ ಊರಿನ ಗೋರಿಸ್ಥಾನಕ್ಕೆ ಹೋದನಂತೆ. ಅಲ್ಲಿ ಏನು ಮಾತಾಡಿದನೋ ನಾನು ಕೇಳಿಲ್ಲ. ಮಧ್ಯಾಹ್ನ ಬಂದು, “ಬಾ ಅಮ್ಮಾ, ಬಂದೂಕಿನ ಸಂಗತಿ ನೀನೂ ಹೇಳ್ಬೇಕು” ಎಂದ. ಇಬ್ಬರೂ ತಲಾಯ್ ವ್ಯಾನಿನಲ್ಲಿ ಜಿಲ್ಲೆಗೆ ಹೋದೆವು. ಎಲ್ಲ ಹೇಳಿದ. ನಾನೂ ಹೇಳಿದೆ. ನನ್ನನ್ನು ಕಳಿಸಿದರು, ಅವನನ್ನು ಇಟ್ಟುಕೊಂಡರು. ವಕೀಲ ನನ್ನನ್ನು ನೋಡಿ, “ನಿಮ್ಮಂಥೋರಿಗೆ ಯಾಕಮ್ಮಾ ವಕೀಲರು?” ಎಂದ.

ಈ ಸಲ ಜೈಲಿನ ವರ್ಷಗಳು ಜಾಸ್ತಿ ಬೀಳುತ್ತವಂತೆ.

ಜಿಪಾರ್ ನನ್ನ ಜೊತೆ ಮಾತಾಡುತ್ತಿಲ್ಲ. ನಿನ್ನ ಜೊತೆಗೂ ಆಡಲಾರಳು. “ಒಬ್ಬ ಅಮ್ಮ ಸುಳ್ಳು ಹೇಳ್ಸಿದ್ಲು, ಇನ್ನೊಬ್ಬ ಅಮ್ಮ ನಿಜ ಹೇಳ್ಸಿದ್ಲು. ನನ್ನನ್ನ ಯಾರು ಕೇಳಿದ್ರಿ?” ಎಂದಳು. 

ನಕ್ಷತ್ರ ಏನಾಯಿತೋ ನೋಡಿಲ್ಲ. ಈಗ ಸಂಜೆ ಆಚೆ ಹೋಗುವುದಿಲ್ಲ.

ಜೂರಾ


ತಾಶ್-ಕೊರೊ
ಮಾರ್ಚ್ 15, 2020

ಜೂರಾ,

ಕೆಂಪು ಮರಳುತ್ತಿದೆ. ದಿನದಿಂದ ದಿನಕ್ಕೆ ಬಣ್ಣ ಏರುತ್ತಿದೆ. ಶಮೆನ್ ಅಜ್ಜನನ್ನು ಯಾರೋ ಕೇಳಿದರಂತೆ, “ಅಡ್ಡ ಮೋಡ ಬಂದಿತ್ತು ಬಿಡ್ರೋ” ಎಂದನಂತೆ. ನನಗೆ ಈಗ ಅದರಿಂದ ಸಂತೋಷವೂ ಇಲ್ಲ, ಸಂಕಟವೂ ಇಲ್ಲ. ಜಿಪಾರ್ ಬರೆದದ್ದೇ ಸರಿ.

ಶುಕ್ರವಾರ ನಮಾಜಿನ ಮೇಲೆ ಮುಲ್ಲಾ ಎಲ್ಲರನ್ನೂ ಕೂರಿಸಿ ಹೇಳಿದರಂತೆ, “ಎಸೆನ್ ಬೇಟೆಗೆ ಹೋದವನಲ್ಲ. ಅಕ್ಕನಿಗೋಸ್ಕರ ಹೊರೆ ಹೊತ್ತವನು. ಅವನ ಮೇಲೆ ಮಾತಾಡಿದವರು ಮನೇಲಿ ಕೂತು ತೌಬಾ ಮಾಡ್ಕೊಳ್ಳಿ.” ಅವತ್ತು ಸಂಜೆ ಹೆಂಗಸರು ಬಂದರು. ಕೈಬೆರೆನ್ ಶಾಪದ ಮಾತನ್ನು ಮೊದಲು ಹೊರಡಿಸಿದವಳೂ ಬಂದಳು. “ನಂಗೆ ಮೊದ್ಲೇ ಗೊತ್ತಿತ್ತು ಬಿಡೇ, ಅವನು ಅಂಥಾ ಹುಡುಗ ಅಲ್ಲ” ಎಂದಳು. ಅವಳಿಗೂ ಚಹಾ ಕೊಟ್ಟೆ. ಎರಡು ಬಟ್ಟಲು ಕುಡಿದಳು.

ಕುಬಾತನಿಗೆ ಕಂಬಳಿ, ಒಣಮಾಂಸ ಕಳಿಸಬೇಕು ಎಂದು ನಮ್ಮವರು ಹೇಳುತ್ತಿದ್ದಾರೆ. ಭೇಟಿಯ ದಿನ ಯಾವುದೆಂದು ತಲಾಯ್ ಕೈಯಲ್ಲಿ ಹೇಳಿಕಳಿಸು, ನಾನೂ ಬರುತ್ತೇನೆ. ಒಳಗೆ ಹೋಗುತ್ತೇನೋ, ಗೇಟಿನಲ್ಲೇ ನಿಲ್ಲುತ್ತೇನೋ, ಅಲ್ಲಿಗೆ ಬಂದ ಮೇಲೆ ನೋಡೋಣ. ಜಿಪಾರ್ ಮಾತಾಡದಿದ್ದರೆ ಬಲವಂತ ಮಾಡಬೇಡ. ಹಾಲು ಇಳಿಯಲಿ, ಕೂಸು ಬೆಳೆಯಲಿ. ಅವಳ ಸಿಟ್ಟಿಗೆ ನಾವಿಬ್ಬರೂ ಯೋಗ್ಯರೇ.

ನಿನಗೊಂದು ಹೇಳಬೇಕು. ಇದನ್ನು ಹೇಳಲು ನನಗೆ ನಿನ್ನನ್ನು ಬಿಟ್ಟರೆ ಯಾರೂ ಇಲ್ಲ, ಎಂಥ ಹಣೆಬರಹ ನೋಡು.

ಆ ಹೆಂಗಸರು ಹೋದ ಮೇಲೆ ಬಟ್ಟಲು ತೊಳೆದು ಬೋರಲು ಹಾಕಿ ಕೂತೆ. ಇಷ್ಟು ದಿನವೂ ನನಗೆ ಕೆಲಸವಿತ್ತು ಜೂರಾ. ಬೆಳಿಗ್ಗೆ ಎದ್ದರೆ ಅವನ ಪರವಾಗಿ ಯಾರ ಜೊತೆಗಾದರೂ ಜಗಳವಾಡುವುದಿತ್ತು. ನಿನ್ನ ಜೊತೆ, ಊರಿನ ಜೊತೆ, ಮುಲ್ಲಾ ಜೊತೆ, ಕೆಲವೊಮ್ಮೆ ಮೇಲಿನವನ ಜೊತೆಗೂ. ಅವನು ಚಿಕ್ಕವನಿದ್ದಾಗ ಯಾರಾದರೂ ಹೊಡೆದರೆ ತೋಳು ಮೇಲೇರಿಸಿಕೊಂಡು ಅವರ ಮನೆಗೆ ಹೋಗುತ್ತಿದ್ದೆನಲ್ಲ, ಹಾಗೆಯೇ. ನನ್ನ ಹಿಂದೆ ಅವನು ನಿಂತಿದ್ದಾನೆ ಅನ್ನಿಸುತ್ತಿತ್ತು.

ಗೆದ್ದೆ. ಅವನಿಗಾಗಿ ಮಾಡುವುದು ಇನ್ನೇನೂ ಉಳಿದಿರಲಿಲ್ಲ. ತಿರುಗಿ ನೋಡಿದೆ, ಹಿಂದೆ ಯಾರೂ ಇರಲಿಲ್ಲ.

ನನ್ನ ಮಗ ಸತ್ತಿದ್ದು ನವೆಂಬರಿನಲ್ಲಲ್ಲ ಜೂರಾ. ಈ ಶುಕ್ರವಾರ ಸಂಜೆ.

ಬುರುಲ್